ಬೇಕರಿ ಪಿಕ್ಚರಿನ ಐದು ಅವತಾರ

ಪುತ್ತೂರಿನ ನಮ್ಮ ಮನೆಗೆ ಯಾರೇ ಬರಲಿ, ಇವರು, ಅಂದರೆ ನನ್ನ ಗಂಡ, ಚಹಾ ಕೊಡುವ ಮೊದಲೇ ಅವರನ್ನು ನನ್ನ ಕಪಾಟಿನ ಮುಂದೆ ತಂದು ನಿಲ್ಲಿಸುತ್ತಾರೆ. "ಬೇರೆಯವರ ಮನೆಯಲ್ಲಿ ಹೆಣ ಒಂದು ಸಲ ಎದ್ದರೆ ಊರು ಬಿಟ್ಟು ಓಡ್ತಾರೆ. ನಮ್ಮಲ್ಲಿ ಒಂದೇ ಹೆಣ ಐದು ಸಲ ಎದ್ದು ಬಂದಿದೆ. ಇವಳು ಪ್ರತಿ ಸಲ ಗೇಟಿಗೆ ಹೋಗಿ, ಕೊರಿಯರಿನವನಿಗೆ ಸಹಿ ಹಾಕಿ, ಒಳಗೆ ಕರ್ಕೊಂಡು ಬರ್ತಾಳೆ" ಎನ್ನುತ್ತಾರೆ.

ಮಾತು ಪೂರ್ತಿ ಸುಳ್ಳಲ್ಲ. ಆ ಕಪಾಟಿನ ತುಂಬ ಇರುವುದು ಸತ್ತವರು ಎದ್ದು ನಡೆಯುವ ಹಳೆಯ ಝೋಂಬಿ ಸಿನಿಮಾಗಳು. ಅದರಲ್ಲೂ ಒಂದೇ ಸಿನಿಮಾದ ಐದು ಪ್ರತಿಗಳಿಗೆ ನಡುವಿನ ಖಾನೆ ಮೀಸಲು. ಪಿಯು ಕಾಲೇಜಿನಲ್ಲಿ ಫಿಸಿಕ್ಸ್ ಪಾಠ ಮಾಡುವ ಹೆಂಗಸಿಗೆ ಇದೆಂಥ ಹುಚ್ಚು ಎಂದು ಸ್ಟಾಫ್ ರೂಮಿನಲ್ಲಿ ಕೇಳುವವರಿದ್ದಾರೆ. ಒಂದೇ ಅಂಚಿನ ಸೀರೆಯನ್ನು ಐದು ಬಣ್ಣದಲ್ಲಿ ಕೊಂಡರೆ ಅಭಿರುಚಿಯಂತೆ, ಒಂದೇ ಸಿನಿಮಾವನ್ನು ಐದು ರೂಪದಲ್ಲಿ ಕೊಂಡರೆ ಹುಚ್ಚಂತೆ. ಅಂಥವರಿಗೆ ನಾನು ಉತ್ತರ ಕೊಡುವುದಿಲ್ಲ. ಕೊಟ್ಟರೆ ಜಗಳವಾಗುತ್ತದೆ, ಜಗಳವಾದರೆ ನಾನು ಸೋಲುವವಳಲ್ಲ.

ಆ ಸಿನಿಮಾಕ್ಕೆ ಪೆಟ್ಟಿಗೆಯ ಮೇಲೆ ಗಂಭೀರವಾದ ಇಂಗ್ಲಿಷ್ ಹೆಸರೊಂದಿದೆ. ನಮ್ಮ ಕುಟುಂಬದಲ್ಲಿ ಯಾರೂ ಅದನ್ನು ಹೇಳಿದ್ದಿಲ್ಲ. ನಮಗೆಲ್ಲ ಅದು ಬೇಕರಿ ಪಿಕ್ಚರ್. ಕಪ್ಪು ಬಿಳುಪಿನ ಚಿತ್ರ. ಯಾವುದೋ ಪರದೇಶದ ಸೇತುವೆಯ ಪಕ್ಕ ಒಂದು ಬೇಕರಿ, ಅದರೊಳಗೆ ಬಾಗಿಲು ಹಾಕಿ ಕೂತ ನಾಲ್ಕಾರು ಜನ, ಹೊರಗೆ ಬಾಗಿಲು ಬಡಿಯುವ ಸತ್ತವರ ಗುಂಪು. ಕತೆ ಇಷ್ಟೇ. ಆದರೆ ಈ ಇಷ್ಟೇ ಕತೆಯನ್ನು ಗುತ್ತಿಗಾರಿನ ನನ್ನ ದೊಡ್ಡಮ್ಮ, ನನ್ನ ಅಮ್ಮನ ಅಕ್ಕ, ಬೇರೆಯೇ ಮಾಡಿಬಿಟ್ಟಿದ್ದರು.

ಆಗ ಬೇಸಿಗೆ ರಜೆಯಲ್ಲಿ ನಾವು ಮಕ್ಕಳೆಲ್ಲ ಗುತ್ತಿಗಾರಿನಲ್ಲೇ ಬೀಡುಬಿಡುತ್ತಿದ್ದೆವು. ದೊಡ್ಡಪ್ಪ ವರ್ಷಕ್ಕೊಮ್ಮೆ ಸುಳ್ಯದಿಂದ ಜೀಪಿನಲ್ಲಿ ಟಿವಿ ಮತ್ತು ವಿಸಿಆರ್ ಬಾಡಿಗೆಗೆ ತರಿಸುತ್ತಿದ್ದರು. ಸಂಜೆಯಾದರೆ ವೋಲ್ಟೇಜ್ ಇಳಿದು ಟಿವಿಯಲ್ಲಿ ಮನುಷ್ಯರು ಕುಳ್ಳಗಾಗುತ್ತಿದ್ದರು. ಆದ್ದರಿಂದ ಹಾಡುಹಗಲಲ್ಲೇ ಕಿಟಕಿಗಳಿಗೆ ಕಂಬಳಿ ಕಟ್ಟಿ ಕತ್ತಲೆ ಮಾಡುವುದು ನಮ್ಮ ಕ್ರಮ. ಮೊದಲು ಒಂದು ದೇವರ ಸಿನಿಮಾ, ಹಿರಿಯರ ಸಮಾಧಾನಕ್ಕೆ. ಆಮೇಲೆ ಒಂದು ಹೊಡೆದಾಟದ್ದು. ಆ ವರ್ಷ ಅಂಗಡಿಯವನು ಹೊಡೆದಾಟದ ಕ್ಯಾಸೆಟ್ ಖಾಲಿಯಾಗಿದೆಯೆಂದು ಬೇಕರಿ ಪಿಕ್ಚರನ್ನು ತುರುಕಿ ಕಳಿಸಿದ್ದ.

ಸಿನಿಮಾ ಶುರುವಾಯಿತು. ಇಂಗ್ಲಿಷ್ ಒಂದಕ್ಷರ ಯಾರಿಗೂ ತಿಳಿಯಲಿಲ್ಲ. ನೆರೆಕರೆಯವರೆಲ್ಲ ಸೇರಿ ಕೋಣೆ ತುಂಬಿತ್ತು. "ಎಂತ ಹೇಳುದು ಅವರು?" ಎಂದು ಒಬ್ಬರಾದ ಮೇಲೆ ಒಬ್ಬರು ಕೇಳತೊಡಗಿದಾಗ ದೊಡ್ಡಮ್ಮ ಎದ್ದು ಹೋಗಿ ಟಿವಿಯ ಸ್ವರ ಪೂರ್ತಿ ತಗ್ಗಿಸಿದರು. ಅದರ ಪಕ್ಕದಲ್ಲೇ ಮಣೆ ಹಾಕಿ ಕೂತು, ಕೈಯಲ್ಲಿದ್ದ ಬೀಸಣಿಗೆಯಿಂದ ಪರದೆಯನ್ನು ತೋರಿಸುತ್ತ ತಾವೇ ಹೇಳತೊಡಗಿದರು. ಮನೆಯವರಿಗೆ ನಮ್ಮ ಮನೆಮಾತಾದ ಅರೆಭಾಷೆಯಲ್ಲಿ, ನೆರೆಕರೆಯವರಿಗೆ ತುಳುವಿನಲ್ಲಿ, ನಡುನಡುವೆ ಕನ್ನಡ. ನಾನಿಲ್ಲಿ ಎಲ್ಲವನ್ನೂ ನಮ್ಮ ಕಡೆಯ ಕನ್ನಡಕ್ಕೆ ಇಳಿಸಿದ್ದೇನೆ.

"ಹೊರಗೆ ನಿಂತವರು ಯಾರೋ ದಾರಿಹೋಕರಲ್ಲ. ಬೇಕರಿಯವನ ಕುಟುಂಬದವರೇ, ತೀರಿಹೋದವರು. ಈ ಟೊಪ್ಪಿಯವ ಅವನ ಸೋದರಮಾವ, ಬೇಲಿಯ ಜಗಳದಲ್ಲಿ ಮಾತು ಬಿಟ್ಟು ಸತ್ತದ್ದು. ಈಗ ಮಾತಾಡುವ ಅಂತ ಬಂದಿದ್ದಾನೆ, ನಾಲಿಗೆ ಒಣಗಿದೆ, ಪಾಪ. ಹಿಂದೆ ಕುಂಟ್ತಾ ಬರುವವಳು ಅತ್ತೆ. ಬದುಕಿದ್ದಾಗಲೂ ಊಟದ ಹೊತ್ತಿಗೆ ಸರಿಯಾಗಿ ಬರುವವಳೇ."

ಕೋಣೆಯಲ್ಲಿ ನಗು ಎದ್ದಿತು. ಹೆದರಿ ಅಮ್ಮಂದಿರ ಸೆರಗು ಹಿಡಿದಿದ್ದ ನಾವು ಸೆರಗು ಬಿಟ್ಟು ಮುಂದೆ ಸರಿದೆವು.

"ಕಚ್ಲಿಕ್ಕೆ ಬಂದದ್ದಲ್ಲ ಮಾರಾಯ್ರೆ ಅವರು. ಹಸಿವೆ ಅವರಿಗೆ. ಈ ಬೇಕರಿಯವ ಆಟಿಯಲ್ಲಿ ಹಿರಿಯರಿಗೆ ಬಡಿಸದೆ ಎಷ್ಟು ವರ್ಷ ಆಯ್ತೋ! ಒಳಗೆ ಅಷ್ಟು ರೊಟ್ಟಿ ಉಂಟು, ಹೊರಗೆ ಒಂದು ತುಂಡು ಇಟ್ಟಿದ್ದಾನಾ ನೋಡಿ!"

ತೀರಿಹೋದ ಹಿರಿಯರಿಗೆ ಮಳೆಗಾಲದ ಆಟಿ ತಿಂಗಳಲ್ಲಿ ಎಲೆ ಹಾಕಿ ಬಡಿಸುವುದು ನಮ್ಮ ಕಡೆ ಮನೆಮನೆಯಲ್ಲೂ ನಡೆಯುವ ಸಂಗತಿ. ಕೋಣೆಯಲ್ಲಿದ್ದವರೆಲ್ಲ ಹೌದು ಹೌದು ಎಂದು ತಲೆಯಾಡಿಸಿದರು. ಆ ಕ್ಷಣದಿಂದ ಬೇಕರಿಯೊಳಗಿದ್ದ ನಾಯಕನಿಗೆ ನಮ್ಮಲ್ಲಿ ಒಬ್ಬರ ಬೆಂಬಲವೂ ಉಳಿಯಲಿಲ್ಲ. ಹೊರಗಿನವರು ಸೇತುವೆಯ ಕಾವಲುಗಾರನೊಬ್ಬನನ್ನು ಹಿಡಿದು ತಿನ್ನತೊಡಗಿದಾಗ ಮಾತ್ರ ದೊಡ್ಡಮ್ಮ ಒಂದು ಗಳಿಗೆ ತಡೆದರು. ಆಮೇಲೆ, "ಹಸಿವೆಗೆ ರುಚಿ ಗೊತ್ತಿಲ್ಲ ಅಂತ ಹೇಳ್ತಾರಲ್ಲ, ಹಾಗೆ" ಎಂದು ದಾಟಿಸಿಬಿಟ್ಟರು.

ಕೊನೆಯಲ್ಲಿ ಬೇಕರಿಯ ಕೆಲಸದ ಹುಡುಗಿಯೊಬ್ಬಳೇ ಉಳಿಯುತ್ತಾಳೆ. ಬೆಳಗಾಗುತ್ತಿರುವಾಗ ಅವಳು ಚಿಲಕಕ್ಕೆ ಕೈ ಹಾಕುತ್ತಾಳೆ. ಪರದೆ ಕಪ್ಪಾಗುತ್ತದೆ. ಸಿನಿಮಾ ಅಲ್ಲಿಗೆ ಮುಗಿಯಿತು, ದೊಡ್ಡಮ್ಮ ಮುಗಿಸಲಿಲ್ಲ. ಹುಡುಗಿ ಬಾಗಿಲು ತೆಗೆದದ್ದು, ಇದ್ದ ರೊಟ್ಟಿಯನ್ನೆಲ್ಲ ಸಾಲಾಗಿ ಇಟ್ಟದ್ದು, ಸತ್ತವರು ಒಳಗೆ ಬಂದು ತಿಂದು ತೃಪ್ತಿಯಾಗಿ ಸೇತುವೆ ದಾಟಿ ಹೋದದ್ದು, ಎಲ್ಲವನ್ನೂ ಅವರು ಕಪ್ಪು ಪರದೆಯ ಮುಂದೆ ಹೇಳಿದರು. ನಾವು ಆ ಕಪ್ಪಿನಲ್ಲೇ ಎಲ್ಲವನ್ನೂ ಕಂಡೆವು.

ಆಮೇಲೆ ಆ ಕತೆಗೆ ಕ್ಯಾಸೆಟ್ ಬೇಕಾಗಲೇ ಇಲ್ಲ. ಯಾರ ಮನೆಯ ಮದುವೆಯಾದರೂ ಮುನ್ನಾದಿನ ತರಕಾರಿ ಹೆಚ್ಚಲು ಕೂತಾಗ, "ಬೇಕರಿ ಪಿಕ್ಚರ್ ಹೇಳಿ" ಎಂಬ ಬೇಡಿಕೆ ಬಂದೇ ಬರುತ್ತಿತ್ತು. ಸೌತೆ, ಕುಂಬಳಗಳ ರಾಶಿ ಕರಗುವುದರೊಳಗೆ ಸತ್ತವರೆಲ್ಲ ಉಂಡು ಹೋಗಿರುತ್ತಿದ್ದರು. ಪ್ರತಿ ಸಲ ಒಬ್ಬ ಹೊಸ ಸಂಬಂಧಿ ಸೇರಿಕೊಳ್ಳುತ್ತಿದ್ದ. ಆ ಕೂಟಗಳಲ್ಲಿ ನಾನು ನಕ್ಕಷ್ಟು ಮತ್ತೆಲ್ಲೂ ನಕ್ಕಿಲ್ಲ.

ಹೀಗೆ ನನಗೆ ಹುಚ್ಚು ಹಿಡಿದದ್ದು. ಸುಳ್ಯದ ಆ ಅಂಗಡಿ ಮುಚ್ಚುವಾಗ ಹಳೆಯ ಕ್ಯಾಸೆಟನ್ನು ನಾನೇ ಹೋಗಿ ತಂದೆ. ಅದು ಪ್ರತಿಯ ಪ್ರತಿಯ ಪ್ರತಿ. ಚಿತ್ರದಲ್ಲಿ ಸದಾ ಹಿಮ ಬೀಳುತ್ತಿರುತ್ತದೆ, ಅಡಿಯಲ್ಲಿ ಅಂಗಡಿಯ ಜಾಹೀರಾತು ಓಡುತ್ತದೆ. ಎರಡು ಬದಿಯೂ ಕತ್ತರಿಸಿ ಹೋಗಿ, ಎಷ್ಟೋ ದೃಶ್ಯಗಳಲ್ಲಿ ಮಾತಾಡುವವರ ಮೂಗು ಮಾತ್ರ ಕಾಣುತ್ತದೆ. ಕೆಲಸ ಸಿಕ್ಕಿದ ಮೇಲೆ ವಿಸಿಡಿ ಕೊಂಡೆ. ಅದು ಎರಡು ತಟ್ಟೆಗಳಲ್ಲಿತ್ತು. ಸತ್ತವರು ಮೊದಲ ಸಲ ಬಾಗಿಲು ಮುರಿಯುವ ಹೊತ್ತಿಗೆ ಸರಿಯಾಗಿ ಮೊದಲ ತಟ್ಟೆ ಮುಗಿಯುತ್ತದೆ. ನೀವು ಎದ್ದು ಎರಡನೆಯದನ್ನು ಹಾಕುವವರೆಗೆ ಅವರು ಮರ್ಯಾದೆಯಿಂದ ಹೊರಗೆ ಕಾಯುತ್ತಾರೆ. ಓಡುವ ದೃಶ್ಯ ಬಂದರೆ ಮುಖಗಳೆಲ್ಲ ಚೌಕಚೌಕವಾಗಿ ಒಡೆಯುತ್ತವೆ. ಆದರೂ ಅದನ್ನು ಎಸೆಯಲು ನನಗೆ ಮನಸ್ಸಿಲ್ಲ.

ಡಿವಿಡಿ ಬಂದ ಮೇಲೆ ಎರಡು ಬದಿಯೂ ತೆರೆದುಕೊಂಡಿತು. ಬೇಕರಿಯ ಎಡಕ್ಕೆ ಒಂದು ಕುದುರೆಗಾಡಿ ನಿಂತಿದೆಯೆಂದು ನನಗೆ ತಿಳಿದದ್ದೇ ಆಗ. ಮೂಗಿನವರಿಗೆ ಕಿವಿಗಳೂ ಬಂದವು. ಅದರಲ್ಲಿ ನಿರ್ದೇಶಕರೇ ಕೂತು ಸಿನಿಮಾದ ಉದ್ದಕ್ಕೂ ಮಾತಾಡುವ ವ್ಯವಸ್ಥೆಯೊಂದಿತ್ತು. ನಾನು ಬಹಳ ಆಸೆಯಿಂದ ಕೇಳಿದೆ. ದೀಪ ಎಲ್ಲಿಟ್ಟೆವು, ಚಳಿ ಎಷ್ಟಿತ್ತು, ಇದೇ ಮಾತು. ದೊಡ್ಡಮ್ಮನ ಬೀಸಣಿಗೆಯ ಮುಂದೆ ಆ ಮನುಷ್ಯ ಏನೂ ಅಲ್ಲ.

ಆದರೆ ಎಡವಟ್ಟಾದದ್ದೂ ಆ ಡಿವಿಡಿಯಿಂದಲೇ. ನಮ್ಮ ಹೊಸ ಮನೆಯ ಒಕ್ಕಲಿನ ದಿನ, ಊಟವಾಗಿ ಎಲ್ಲರೂ ಕಾಲು ಚಾಚಿ ಕೂತಿದ್ದಾಗ, ಬೇಕರಿ ಪಿಕ್ಚರ್ ಹಾಕಬೇಕೆಂದು ಎಲ್ಲರೂ ಹಟ ಹಿಡಿದರು. ಡಿವಿಡಿಯಲ್ಲಿ ಚಿತ್ರದ ಅಡಿಗೆ ಮಾತುಗಳೆಲ್ಲ ಇಂಗ್ಲಿಷ್ ಅಕ್ಷರದಲ್ಲಿ ಬರುತ್ತಿದ್ದವು. ಆಗ ಹೈಸ್ಕೂಲಿನಲ್ಲಿದ್ದ ದೊಡ್ಡಮ್ಮನ ಮೊಮ್ಮಗಳು ಸಹಾಯವಾಗಲೆಂದು ಅದನ್ನು ಕನ್ನಡದಲ್ಲಿ ಓದಿ ಹೇಳತೊಡಗಿದಳು. ಪಾಪ, ಮಗು ಒಳ್ಳೆಯ ಮನಸ್ಸಿನಿಂದಲೇ ಮಾಡಿದ್ದು. ಟೊಪ್ಪಿಯವನು ಯಾರ ಸೋದರಮಾವನೂ ಆಗಿರಲಿಲ್ಲ. ಬೇಕರಿಯವನು ಜೈಲಿನಿಂದ ತಪ್ಪಿಸಿಕೊಂಡ ಕಳ್ಳ. ಸತ್ತವರು ಎದ್ದದ್ದು ಕಾರ್ಖಾನೆಯ ವಿಷಗಾಳಿಯಿಂದ. ಕೋಣೆಯಲ್ಲಿ ಒಮ್ಮೆಗೇ ನಗೆ ಸ್ಫೋಟಿಸಿತು.

"ದೊಡ್ಡಮ್ಮ, ಇಷ್ಟು ವರ್ಷ ನಮಗೆ ರೈಲು ಬಿಟ್ಟದ್ದಾ?" ಎಂದು ಯಾರೋ ಕೂಗಿದರು.

ದೊಡ್ಡಮ್ಮನೂ ನಕ್ಕರು. ಆಮೇಲೆ ನೀರು ಕುಡಿಯಲು ಎದ್ದು ಹೋದವರು ಸಿನಿಮಾ ಮುಗಿಯುವವರೆಗೆ ಬರಲಿಲ್ಲ.

ಮುಂದಿನ ಮದುವೆಯಲ್ಲಿ ತರಕಾರಿಯ ಮುಂದೆ ಕೂತಾಗ ಎಂದಿನಂತೆ ಬೇಡಿಕೆ ಬಂತು. ದೊಡ್ಡಮ್ಮ ಕತ್ತಿಯಿಂದ ಕಣ್ಣೆತ್ತದೆ, "ನನಗೆ ಇಂಗ್ಲಿಷ್ ಬರುದಿಲ್ಲ ಮಾರಾಯ್ರೆ. ಬರುವವರ ಹತ್ತಿರ ಕೇಳಿ" ಎಂದರು. ಬೇಸರದ ಸ್ವರವೇನಲ್ಲ, ಉಪ್ಪು ಎಷ್ಟು ಹಾಕಬೇಕೆಂದು ಹೇಳುವಂಥ ಸ್ವರ. ಅದರ ಮುಂದಿನ ಮದುವೆಯಲ್ಲೂ ಅದೇ. ಬೇಕರಿ ಪಿಕ್ಚರ್ ಹೋಗಲಿ, ಬೇರೆ ಯಾವ ಕತೆಯನ್ನೂ ಅವರು ಹೇಳಲಿಲ್ಲ. ಸೌತೆಕಾಯಿಗಳು ಸುಮ್ಮನೆ ತುಂಡಾದವು. ನನಗೆ ಅಳು ಬಂತು, ಸಿಟ್ಟೂ ಬಂತು. ಯಾರ ಮೇಲೆ ಸಿಟ್ಟು ಮಾಡುವುದು? ಪರದೆಯ ಅಡಿಯ ಅಕ್ಷರಗಳ ಮೇಲೆಯೇ ಮಾಡಿದೆ. ನನಗೆ ಆ ಕತೆ ವಾಪಸು ಬೇಕಿತ್ತು, ಹೇಳುವ ದೊಡ್ಡಮ್ಮ ವಾಪಸು ಬೇಕಿತ್ತು.

ಹಳೆಯ ಸಿನಿಮಾಗಳಿಗೆ ಒಂದೊಂದು ದೇಶದಲ್ಲಿ ಒಂದೊಂದು ಅಂತ್ಯ ಇರುವುದುಂಟು ಎಂದು ಎಲ್ಲೋ ಓದಿದ್ದೆ. ಹಾಗಾದರೆ ಹುಡುಗಿ ಬಾಗಿಲು ತೆಗೆದು ಬಡಿಸುವ ಪ್ರತಿಯೂ ಯಾವುದೋ ಮೂಲೆಯಲ್ಲಿ ಇರಬಾರದೇಕೆ? ಇದ್ದರೆ ಅದನ್ನು ತಂದು ಎಲ್ಲರ ಮುಂದೆ ಹಾಕಿ, "ನೋಡಿ, ದೊಡ್ಡಮ್ಮ ಹೇಳಿದ್ದೇ ಸರಿ" ಎನ್ನಬೇಕು. ಅವರ ಬಾಯಿ ಮತ್ತೆ ತೆರೆಯಲು ನನಗೆ ಬೇರೆ ದಾರಿ ಹೊಳೆಯಲಿಲ್ಲ.

ನಾಲ್ಕನೆಯದಾಗಿ ಬಂದದ್ದು ಯಾರೋ ಪುಣ್ಯಾತ್ಮರು ಬಣ್ಣ ಹಚ್ಚಿದ ಪ್ರತಿ. ಸತ್ತವರು ಬಚ್ಚಲಿನ ಪಾಚಿಯಂತೆ ಹಸಿರು, ಬ್ರೆಡ್ಡು ಕಿತ್ತಳೆ, ಬೇಕರಿಯವನ ತುಟಿಗೆ ಮದುಮಗಳ ಕೆಂಪು. ಅದನ್ನೂ ಡಿವಿಡಿಯನ್ನೂ ತಾಳೆ ನೋಡಲು ಒಂದನ್ನು ಟಿವಿಯಲ್ಲಿ, ಇನ್ನೊಂದನ್ನು ಲ್ಯಾಪ್‌ಟಾಪಿನಲ್ಲಿ ಒಟ್ಟಿಗೆ ಓಡಿಸಿದೆ. ಇವರಿಗೆ ಹೆಣ ಎಂದರೆ ಎದೆ ಡವಡವ. ಮುಖದ ಮೇಲೆ ಬೈರಾಸು, ಅಂದರೆ ಟವೆಲು, ಹಾಕಿಕೊಂಡು, ಕೈ ಮಾತ್ರ ಹೊರಗಿಟ್ಟು ರಿಮೋಟ್ ಹಿಡಿದಿದ್ದರು. "ಈಗ ಒತ್ತಿ!" ಎಂದರೆ ಒತ್ತುವುದು, "ಬಿಡಿ!" ಎಂದರೆ ಬಿಡುವುದು.

"ಹೋದರಾ ಅವರು?" ಎಂದು ಬೈರಾಸಿನೊಳಗಿಂದ ಆಗಾಗ ಕೇಳುತ್ತಿದ್ದರು.

"ಇಲ್ಲ, ಬಾಗಿಲಲ್ಲೇ ಇದ್ದಾರೆ."

"ಎಂತ ಹಟ ಮಾರಾಯ್ತಿ, ನಿನ್ನ ಹಾಗೆಯೇ."

ಆ ಮಧ್ಯಾಹ್ನಗಳಲ್ಲಿ ನಾವಿಬ್ಬರೂ ಹೊಟ್ಟೆ ಹಿಡಿದು ನಗುತ್ತಿದ್ದೆವು. ಆದರೆ ಬಣ್ಣದ ಪ್ರತಿಯಲ್ಲೂ ಹುಡುಗಿ ಚಿಲಕಕ್ಕೆ ಕೈ ಹಾಕಿದ ಕೂಡಲೇ ಕತ್ತಲೆ.

ಕೊನೆಗೆ ಬ್ಲೂ-ರೇ ಹೊರಬಂತು. ಕಳೆದುಹೋಗಿದ್ದ ಮೂಲ ಅಂತ್ಯ ಸಿಕ್ಕಿದೆ, ಅದನ್ನು ಶುದ್ಧ ಮಾಡಿ ಸೇರಿಸಿದ್ದೇವೆ ಎಂದು ಪ್ರಕಟಣೆ. ನನ್ನ ಸಂಭ್ರಮ ಹೇಳತೀರದು. ಎಲ್ಲ ದೇಶದ ಡಿಸ್ಕುಗಳನ್ನೂ ಓಡಿಸುವ ಪ್ಲೇಯರನ್ನೇ ತರಿಸಿದೆ. ಡಿಸ್ಕ್ ಕೈಗೆ ಬಂದ ದಿನ ಇವರು ಬುದ್ಧಿ ಹೇಳಿದರು, "ಮೊದಲು ನೀನೊಮ್ಮೆ ನೋಡು. ಆಮೇಲೆ ದೊಡ್ಡಮ್ಮನಿಗೆ ತೋರಿಸುವ."

"ಪರೀಕ್ಷೆಗೆ ಮೊದಲೇ ಪ್ರಶ್ನೆಪತ್ರಿಕೆ ಬಿಚ್ಚುವ ಜಾತಿ ನನ್ನದಲ್ಲ" ಎಂದೆ. ದೊಡ್ಡಮ್ಮನ ಜೊತೆಯಲ್ಲೇ ಮೊದಲ ಸಲ ನೋಡಬೇಕೆಂಬುದು ನನ್ನ ಆಸೆ. ಮೊಂಡುತನ ಎನ್ನುವವರು ಎನ್ನಲಿ.

ದೊಡ್ಡಮ್ಮ ಈಗ ಕುಂಬ್ರದಲ್ಲಿ ಮಗಳ ಮನೆಯಲ್ಲಿದ್ದಾರೆ. ಮುಖ್ಯರಸ್ತೆಯ ಅಂಗಡಿಗಳ ಹಿಂದೆಯೇ ಮನೆ. ಆಟಿಯ ಒಂದು ಭಾನುವಾರ ಪ್ಲೇಯರನ್ನು ಮಡಿಲಲ್ಲಿಟ್ಟುಕೊಂಡು ಹೋದೆವು. ಪತ್ರೊಡೆ ತಿಂದು ಮುಗಿಸಿ, ಅಕ್ಕಪಕ್ಕದವರನ್ನೂ ಕರೆದು, ಕಿಟಕಿ ಮುಚ್ಚಿದೆವು. ಅಡಿಯ ಅಕ್ಷರಗಳು ಬರದಂತೆ ನಾನು ಮೊದಲೇ ನೋಡಿಕೊಂಡಿದ್ದೆ. ದೊಡ್ಡಮ್ಮ ಎಲ್ಲರಿಗಿಂತ ಹಿಂದೆ, ಬಾಗಿಲ ಬಳಿಯ ಕುರ್ಚಿಯಲ್ಲಿ ಕೂತರು. ಬೇಕಾದರೆ ಎದ್ದು ಹೋಗಲು ಅನುಕೂಲವಾಗುವ ಜಾಗ ಅದು. ಅದು ನನಗೆ ಚುಚ್ಚಿತು.

ಚಿತ್ರ ಎಂದರೆ ಅದು ಚಿತ್ರ! ಹಿಮ ಇಲ್ಲ, ಚೌಕ ಇಲ್ಲ, ಪಾಚಿ ಇಲ್ಲ. ಹಿಟ್ಟಿನ ಧೂಳು ಬೆಳಕಿನಲ್ಲಿ ತೇಲುವುದು ಕಾಣುತ್ತಿತ್ತು. ಸತ್ತವನೊಬ್ಬ ಕೈಗಡಿಯಾರ ಬಿಚ್ಚಲು ಮರೆತಿದ್ದ. ಇನ್ನೊಬ್ಬಳು ನಗು ತಡೆಯಲಾರದೆ ತುಟಿ ಕಚ್ಚಿಕೊಂಡಿದ್ದಳು. ದೊಡ್ಡಮ್ಮ ಹಿಂದಿನಿಂದ, "ಹೋ, ಟೊಪ್ಪಿಯವನಿಗೆ ಮೀಸೆಯೂ ಉಂಟಾ!" ಎಂದರು. ಅಷ್ಟೇ, ಮತ್ತೆ ಮಾತಿಲ್ಲ.

ಕೊನೆ ಬಂತು. ಹುಡುಗಿ ಚಿಲಕಕ್ಕೆ ಕೈ ಹಾಕಿದಳು. ಪರದೆ ಕಪ್ಪಾಗಲಿಲ್ಲ. ಬಾಗಿಲು ತೆರೆಯಿತು, ಹುಡುಗಿ ಪಕ್ಕಕ್ಕೆ ನುಸುಳಿದಳು, ಸತ್ತವರೆಲ್ಲ ಸಾಲಾಗಿ ಒಳಗೆ ನಡೆದರು. "ನೋಡಿ!" ಎಂದು ಕೂಗಲು ನಾನು ಬಾಯಿ ತೆರೆದಿದ್ದೆ. ಅಷ್ಟರಲ್ಲಿ ಹುಡುಗಿ ಗೋಡೆಯ ಲಾಟೀನನ್ನು ಕಿತ್ತು ಒಳಗೆಸೆದು ಸೇತುವೆಯ ಕಡೆ ಓಡಿದಳು. ಒಂದು ದೊಡ್ಡ ಬೆಳಕು. ಆಮೇಲೆ ದೂರದಿಂದ, ಬೆಳಗಿನ ಹೊತ್ತಿನ ಬೇಕರಿ, ಅದರ ಮೇಲೆ ಹೊಗೆ. ಸಮಾಪ್ತಿ.

ಬಡಿಸುವುದಿರಲಿ, ಎಲ್ಲರನ್ನೂ ಸುಟ್ಟೇ ಹಾಕಿದ್ದಳು. ಮೊದಲಾದರೆ ಕಪ್ಪು ಪರದೆಯಲ್ಲಿ ದೊಡ್ಡಮ್ಮನ ಕತೆಗೆ ಸ್ವಲ್ಪ ಜಾಗವಾದರೂ ಇತ್ತು. ಆ ಜಾಗವನ್ನೂ ನಾನೇ ತರಿಸಿದ ಡಿಸ್ಕ್ ಮುಚ್ಚಿತ್ತು. ಇವರು ಬೈರಾಸು ತೆಗೆದು ನನ್ನ ಮುಖ ನೋಡಿದರು. ಈಗ ಕಾಲೇಜಿಗೆ ಹೋಗುವ ಮೊಮ್ಮಗಳು ಫೋನು ನೋಡಿ ಮೆಲ್ಲಗೆ, "ಎಲ್ಲರೂ ಸುಟ್ಟು ಹೋದರು ಅಂತ ಬರ್ದಿದೆ" ಎಂದಳು.

ಹಿಂದಿನ ಕುರ್ಚಿ ಕಿರ್ರೆಂದಿತು. ಎದ್ದು ಹೋದರೆಂದೇ ಎಣಿಸಿದೆ. ದೊಡ್ಡಮ್ಮ ಎಲ್ಲರ ನಡುವೆ ದಾರಿ ಮಾಡಿಕೊಂಡು ಟಿವಿಯ ಹತ್ತಿರ ಬಂದರು.

"ಆ ಹೊಗೆ ಇನ್ನೊಮ್ಮೆ ಹಾಕು."

ಹಾಕಿ ನಿಲ್ಲಿಸಿದೆ. ಅವರು ಕನ್ನಡಕ ಸರಿಮಾಡಿಕೊಂಡು, ಪರದೆಗೆ ಮೂಗು ತಾಗುವಷ್ಟು ಬಗ್ಗಿದರು.

"ಹೊಗೆ ಎಲ್ಲಿಂದ ಬರುದು?"

"ಚಿಮಣಿಯಿಂದ" ಎಂದೆ.

"ಮಾಡು?"

ನಾನೂ ಬಗ್ಗಿ ನೋಡಿದೆ. ಬೇಕರಿಯ ಚಾವಣಿ ನೆಟ್ಟಗಿತ್ತು. ಒಂದು ಹಂಚು ಕೂಡ ಜಾರಿರಲಿಲ್ಲ. ಕಿಟಕಿಗಳಲ್ಲಿ ಮಸಿ ಇರಲಿಲ್ಲ. ಕಟ್ಟಡವನ್ನು ನಿಜವಾಗಿ ಸುಡುವುದು ಸಿನಿಮಾ ಮಾಡಿದವರ ಕೈಯಲ್ಲಾಗಿರಲಿಕ್ಕಿಲ್ಲ. ಹಳೆಯ ಯಾವ ಪ್ರತಿಯಲ್ಲಿದ್ದಿದ್ದರೂ ಇದು ಕಾಣುತ್ತಿರಲಿಲ್ಲ. ಹೊಗೆ ಚಿಮಣಿಯೊಂದರಿಂದಲೇ, ತೆಳ್ಳಗೆ, ನೇರವಾಗಿ ಏಳುತ್ತಿತ್ತು.

"ಮನೆಗೆ ಬೆಂಕಿ ಬಿದ್ದರೆ ಹೊಗೆ ಚಿಮಣಿ ಹುಡ್ಕಿಕೊಂಡು ಹೋಗ್ತದಾ?" ದೊಡ್ಡಮ್ಮ ನಮ್ಮ ಕಡೆ ತಿರುಗಿದರು. "ನೀನು ಫಿಸಿಕ್ಸ್ ಟೀಚರು, ನೀನೇ ಹೇಳು."

"ಇಲ್ಲ ದೊಡ್ಡಮ್ಮ."

"ಮತ್ತೆ? ಅದು ಒಲೆಯ ಹೊಗೆ. ಹುಡುಗಿ ದೀಪ ಕೊಟ್ಟದ್ದು ಒಲೆ ಹೊತ್ತಿಸ್ಲಿಕ್ಕೆ. ಅಷ್ಟು ವರ್ಷ ಹಸಿದು ಬಂದವರಿಗೆ ನಿನ್ನೆಯ ತಂಗಳು ರೊಟ್ಟಿ ಬಡಿಸ್ಲಿಕ್ಕೆ ಆಗ್ತದಾ? ಬಿಸಿಬಿಸಿ ಬೇಯ್ತಾ ಉಂಟು ಒಳಗೆ."

ಮೊಮ್ಮಗಳು, "ಆದರೆ ಅಜ್ಜಿ, ಫೋನಲ್ಲಿ..." ಎಂದಳು.

"ನಿನ್ನ ಫೋನು ಒಂದು ದಿನ ಆದ್ರೂ ಒಲೆ ಊದಿದ್ದುಂಟಾ?"

ನಗು ಎಷ್ಟು ಜೋರಾಗಿ ಎದ್ದಿತೆಂದರೆ ಎದುರಿನ ಅಂಗಡಿಯವರು ಇಣುಕಿ ನೋಡಿದರು. ಎಲ್ಲರಿಗಿಂತ ಜೋರಾಗಿ ನಕ್ಕವಳು ಆ ಹುಡುಗಿಯೇ. ಫೋನನ್ನು ಮಗುಚಿ ಹಾಕಿ, "ಬಾಗಿಲು ತೆಗೆದಲ್ಲಿಂದ ಹೇಳಿ ಅಜ್ಜಿ" ಎಂದಳು. ದೊಡ್ಡಮ್ಮ ಟಿವಿಯ ಸ್ವರ ತಗ್ಗಿಸುವಂತೆ ನನಗೆ ಕೈಸನ್ನೆ ಮಾಡಿದರು. ನಾನು ಬಾಗಿಲು ತೆರೆಯುವ ದೃಶ್ಯಕ್ಕೆ ಹಿಂದೆ ಹೋದೆ. ಅವರು ನಿಂತೇ ಶುರುಮಾಡಿದರು. ಹಿಟ್ಟು ಯಾರು ನಾದಿದರು, ಮೀಸೆಯವನು ಎಲ್ಲಿ ಕೂತ, ತುಟಿ ಕಚ್ಚಿದವಳು ಯಾರನ್ನು ಕಂಡು ನಕ್ಕಳು, ಗಡಿಯಾರದವನು ಊಟ ತಡವಾಯಿತೆಂದು ಹೇಗೆ ಗೊಣಗಿದ. ಇಷ್ಟು ದಿನ ಒಳಗೇ ಕೂಡಿಹಾಕಿದ್ದೆಲ್ಲ ಒಟ್ಟಿಗೆ ಹೊರಗೆ ಬಂತು. ನನಗೆ ಕಣ್ಣು ತುಂಬಿತು. ಅದನ್ನು ಒರೆಸಿಕೊಳ್ಳಲು ಇವರ ಬೈರಾಸು ಕಸಿದುಕೊಂಡೆ.

ಹೊಗೆಯ ದೃಶ್ಯ ಮತ್ತೆ ಬಂದಾಗ ದೊಡ್ಡಮ್ಮ ಥಟ್ಟನೆ ಕೈ ತಟ್ಟಿದರು. "ಏಳಿ, ಎಲ್ಲರೂ ಏಳಿ. ಬಡಿಸಿ ಆಯ್ತು. ಉಣ್ಣುವವರ ಎದುರು ಹೀಗೆ ಬಾಯಿ ಬಿಟ್ಟು ಕೂರ್ಲಿಕ್ಕುಂಟಾ?"

ಯಾರೂ ಯಾಕೆಂದು ಕೇಳಲಿಲ್ಲ. ಹಿರಿಯರಿಗೆ ಬಡಿಸಿದ ಮೇಲೆ ಮನೆಯವರೆಲ್ಲ ಹೊರಗೆ ಬಂದು, ಬಾಗಿಲೆಳೆದು, ಅವರು ಉಂಡು ಮುಗಿಸುವವರೆಗೆ ಸದ್ದಿಲ್ಲದೆ ನಿಲ್ಲುವುದನ್ನು ನಾವು ಹುಟ್ಟಿದಾಗಿನಿಂದ ಮಾಡುತ್ತ ಬಂದವರು. ಟಿವಿ ಒಳಗೆ ಓಡುತ್ತಲೇ ಇತ್ತು. ಎಲ್ಲರೂ ಅಂಗಳಕ್ಕೆ ಇಳಿದೆವು. ದೊಡ್ಡಮ್ಮ ಕೊನೆಗೆ ಬಂದು ಬಾಗಿಲು ಮುಚ್ಚಿದರು.

"ಪ್ಲೇಯರ್ ಬಿಸಿಯಾದೀತು" ಎಂದು ಇವರು ನನ್ನ ಕಿವಿಯಲ್ಲಿ ಪಿಸುಗುಟ್ಟಿದರು.

"ಆಗಲಿ" ಎಂದೆ.

ಮೊಮ್ಮಗಳು ಅಜ್ಜಿಯ ಪಕ್ಕಕ್ಕೆ ಸರಿದು ಸಣ್ಣ ದನಿಯಲ್ಲಿ, "ಉಂಡ ಮೇಲೆ ಎಂತಾಯ್ತು ಅಜ್ಜಿ?" ಎಂದಳು. ಅಲ್ಲಿಂದ ಮುಂದಿನದು ಯಾವ ಪ್ರತಿಯಲ್ಲೂ ಇಲ್ಲ. ದೊಡ್ಡಮ್ಮ ಅಷ್ಟೇ ಸಣ್ಣ ದನಿಯಲ್ಲಿ ಹೇಳತೊಡಗಿದರು. ನಾವೆಲ್ಲ ಅವರ ಸುತ್ತ ಒತ್ತಿ ನಿಂತೆವು. ಬಾಗಿಲು ತೆಗೆಯುವ ಅವಸರ ಯಾರಿಗೂ ಇರಲಿಲ್ಲ.